ಸೋರುವ ಮಾಳಿಗೆ ಮತ್ತು ಒಂದು ಸಿ.ಡಿ.

ಮೇಜಿನ ಮೇಲೆ ಸಿ.ಡಿ.ಗಳನ್ನು ಜೋಡಿಸಿಕೊಂಡು ಕೂತಿದ್ದ ಹುಡುಗ, "ಬಹಳ ಅಪರೂಪದ ಹಾಡುಗಳು ಆಂಟಿ, ಎಲ್ಲಾ ಕಡೆ ಸಿಗೋಲ್ಲ" ಎಂದ. ನಾನು ಹಿಂಬದಿ ತಿರುಗಿಸಿ ನೋಡಿದೆ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ನಮ್ಮ ಶಿಶುನಾಳ ಶರೀಫರ ಎರಡು ಪದಗಳಿದ್ದವು: ಗುಡುಗುಡಿಯದೊಂದು, ಸೋರುವ ಮಾಳಿಗೆಯದೊಂದು. ನನಗೆ ನಗು ಬಂತು. ಶಿಗ್ಗಾಂವಿ ಸೀಮೆಯ ನನ್ನ ತವರಿನಲ್ಲಿ ಸೋಮವಾರದ ಭಜನೆಗೆ ಕೂತವರು ಈ ಪದಗಳನ್ನು ಹೇಳದೆ ಎದ್ದದ್ದೇ ಇಲ್ಲ. ಅಪರೂಪವಂತೆ! ಆದರೂ ಕೊಂಡೆ.

ಇದು 2010ರ ಮಾತು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅಣ್ಣನ ಮಗ, ತಮ್ಮ ಆವರಣದಲ್ಲಿ ರಘು ದೀಕ್ಷಿತ್ ತಂಡದ ಕಾರ್ಯಕ್ರಮವಿದೆ, ಬಾ ಅತ್ತೆ ಎಂದು ಕರೆದಿದ್ದ. ಪೀಣ್ಯದಿಂದ ವೈಟ್‌ಫೀಲ್ಡಿಗೆ ಈಗ ಮೆಟ್ರೊ ಇದೆ, ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಿಸಿದರಾಯಿತು. ಆಗ ದಾಸರಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ 335ಇ ಹಿಡಿದು ಮಾರತ್ತಹಳ್ಳಿಯ ಧೂಳು ಕುಡಿಯುತ್ತಾ ಹೋಗಬೇಕಿತ್ತು. ತಲುಪುವ ಹೊತ್ತಿಗೆ ಸೀರೆಯ ನೆರಿಗೆಯೆಲ್ಲ ಮುದ್ದೆ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರ ನಡುವೆ ನಾನೊಬ್ಬಳೇ ಸೆರಗು ಹೊದ್ದವಳು.

ವೇದಿಕೆಗೆ ಬಂದವರು ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ್ದರು, ಕೈಯಲ್ಲಿ ಗಿಟಾರು. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು ಎಂದು ಅಣ್ಣನ ಮಗ ಕಿವಿಯಲ್ಲಿ ಹೇಳಿದ. ಗುಡುಗುಡಿಯ ಪದ ಶುರುವಾದಾಗ ಕನ್ನಡ ಬಾರದ ಹುಡುಗರೂ ಕುಣಿದರು. ನನ್ನ ಕಾಲೂ ತಾಳ ಹಾಕುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಸಿ.ಡಿ. ತಂಡದ ಮೊದಲನೆಯದು. 2008ರಲ್ಲಿ ಅದನ್ನು ಹೊರತಂದದ್ದು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ. ಮನೆಗೆ ತಂದು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗುಡುಗುಡಿಯ ಪದದಲ್ಲಿ ತಂಡ ಗೆದ್ದಿದೆ ಎಂದೇ ನನ್ನ ಅಭಿಪ್ರಾಯ. ಆ ಪದದ ಗುಣವೇ ಹಾಗೆ. ಹುಕ್ಕಾ ಸೇದುವವನನ್ನು ಪಕ್ಕಕ್ಕೆ ಕೂರಿಸಿಕೊಂಡು, ದೇಹವೇ ಒಂದು ಗುಡುಗುಡಿ ಎಂದು ತಮಾಷೆ ಮಾಡುತ್ತಲೇ ತತ್ವ ಹೇಳುವಂಥದು. ಗಿಟಾರಿನ ಬಿರುಸು ಅದಕ್ಕೆ ಒಗ್ಗುತ್ತದೆ.

ಮಾಳಿಗೆಯ ಪದದ ವಿಷಯದಲ್ಲಿ ಮಾತ್ರ ನನ್ನ ತಕರಾರು. ಹಾಡುಗಾರರ ದನಿ ಚೆನ್ನಾಗಿದೆ, ದುಃಖವೂ ಇದೆ. ಆದರೆ ಸುತ್ತಲಿನ ವಾದ್ಯಗಳೆಲ್ಲ ಅಚ್ಚುಕಟ್ಟಾಗಿ ಗಾರೆ ಮಾಡಿದ ಹಾಗೆ ಕೂತುಬಿಟ್ಟಿವೆ. ಹನಿ ಬೀಳಲು ಒಂದು ಸಂದೂ ಇಲ್ಲ. ಒಳ್ಳೆಯ ಆರ್.ಸಿ.ಸಿ. ತಾರಸಿಯ ಕೆಳಗೆ ಬೆಚ್ಚಗೆ ಕೂತು ಮಳೆಯ ಹಾಡು ಕೇಳಿದ ಹಾಗಾಗುತ್ತದೆ.

ಬೆಂಗಳೂರಿನವರಿಗೆ ಮಾಳಿಗೆ ಎಂದರೆ ಮಹಡಿ. ನಮ್ಮ ಕಡೆ ಅದು ಮಣ್ಣಿನ ಮೇಲ್ಛಾವಣಿ. ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಹಾಸಿ ಮೇಲೆ ಮಣ್ಣು ಮೆತ್ತಿರುತ್ತಾರೆ. ಮಳೆಗಾಲದಲ್ಲಿ ಎಲ್ಲಿ ಬಿರುಕು ಬಿಟ್ಟಿದೆಯೆಂದು ಒಳಗಿನಿಂದ ತಿಳಿಯುತ್ತದೆ, ಆದರೆ ಮಣ್ಣು ಹಾಕಿ ತುಳಿಯಲು ಮೇಲೆಯೇ ಹತ್ತಬೇಕು. ಅದೂ ಕತ್ತಲಲ್ಲಿ, ಜಾರುವ ಮಣ್ಣಿನ ಮೇಲೆ. ಶರೀಫರ ಪದದಲ್ಲಿ ಗಂಡ ಹೆಂಡತಿಗೆ ಹೇಳುತ್ತಾನೆ, ನಾನು ಹತ್ತಲಾರೆ ಎಂದು. ಮನೆಯೆಂದರೆ ದೇಹ, ಸೋರುವುದು ಅಜ್ಞಾನದಿಂದ ಎಂದೆಲ್ಲ ನಾನೂ ಪಾಠದಲ್ಲಿ ಹೇಳಿದ್ದೇನೆ. ಆದರೆ ನಮ್ಮವ್ವ ರೊಟ್ಟಿ ಬಡಿಯುತ್ತಾ ಅದನ್ನು ಗುನುಗುತ್ತಿದ್ದಾಗ ತತ್ವವೇನೂ ಇರುತ್ತಿರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿರುತ್ತಿದ್ದ. ಅವ್ವನ ದನಿ ಮಾತ್ರ ಏರುತ್ತಿತ್ತು. ಕೊನೆಯಲ್ಲಿ ದೇವರು ಕಾಯುತ್ತಾನೆಂದು ನಂಬುವ ಭಾಗವನ್ನು ಅವಳು ಒಂದು ದಿನವೂ ಹಾಡಿದ್ದನ್ನು ನಾನು ಕೇಳಿಲ್ಲ. ಗುಡಿಯಲ್ಲಿ ಭಜನೆಗೆ ಕೂತು ಹಾಡುವವರು ಗಂಡಸರು. ಹೆಂಗಸರಿಗೆ ಗೋಡೆಯಾಚೆ ಕೇಳಿಸಿದಷ್ಟೇ.

ಗಿಟಾರು ಬಂದದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಮನೆಯಲ್ಲೇ ಕಂಡಿದ್ದೇನೆ. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂದು, ಸಿ. ಅಶ್ವತ್ಥರ ಸಂಗೀತದ ಪದಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋದಾಗ ನನ್ನ ಸೋದರಮಾವ ಸಿಟ್ಟಾಗಿದ್ದ. ಏಕತಾರಿ, ದಮ್ಮಡಿ, ತಾಳ ಬಿಟ್ಟು ಇದೇನು ಸಿನಿಮಾ ಎಂದು. ಅದೇ ಮಾವ ಮುಪ್ಪಿನಲ್ಲಿ ಅಶ್ವತ್ಥರ ಧಾಟಿಯಲ್ಲೇ ಹಾಡಿಕೊಳ್ಳುತ್ತಿದ್ದ. 2009ರ ಡಿಸೆಂಬರಿನಲ್ಲಿ ಅಶ್ವತ್ಥರು ತೀರಿಕೊಂಡ ಸುದ್ದಿ ಕೇಳಿ ಎರಡು ಹೊತ್ತು ಊಟ ಬಿಟ್ಟಿದ್ದ.

ಆದರೆ ಆ ಹುಡುಗನ 'ಅಪರೂಪ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಪಶ್ಚಿಮದಲ್ಲಿ ಅಪರೂಪದ ಹಾಡುಗಳ ಸಂಗ್ರಹವೆಂದರೆ ಹಾಡುಗಾರರು ಆಲ್ಬಂನಿಂದ ಕೈಬಿಟ್ಟು ಕಪಾಟಿನಲ್ಲಿಟ್ಟವುಗಳು. 1991ರಲ್ಲಿ ಬಾಬ್ ಡಿಲನ್ ಅವರ ಅಂಥ ಹಾಡುಗಳು ಮೂರು ಸಂಪುಟಗಳಾಗಿ ಬಂದವು. ಅಲ್ಲಿ ಕಪಾಟಿದೆ, ಬೀಗವಿದೆ, ತಾರೀಖು ಬರೆದ ಟೇಪಿದೆ. ಶರೀಫರು 1819ರಿಂದ 1889ರವರೆಗೆ ಬದುಕಿದವರು, ಸ್ವಲ್ಪ ಕಾಲ ನನ್ನ ಹಾಗೆ ಸಾಲೆಯ ಮಾಸ್ತರಿಕೆ ಮಾಡಿದವರು. ತಮ್ಮ ಪದಗಳನ್ನು ತಾವೇ ಅಚ್ಚು ಹಾಕಿಸಿದವರಲ್ಲ. ಕಂಡದ್ದರ ಮೇಲೆ ಕಟ್ಟಿ ಹಾಡಿ ಹೋದರು, ಜನ ಬಾಯಲ್ಲಿಟ್ಟುಕೊಂಡರು, ಆಮೇಲೆ ಬೇರೆಯವರು ಸಂಗ್ರಹಿಸಿದರು. ಯಾರ ಬಾಯಿಗೂ ಬಾರದ ಪದವೇ ಇಲ್ಲಿ ಅಪರೂಪದ್ದು.

ಅಂಥದೊಂದು ಆ ಸಿ.ಡಿ.ಯಲ್ಲಿ ಇರಬೇಕಿತ್ತು ಎಂಬುದೇ ನನ್ನ ದೊಡ್ಡ ದೂರು. ಶರೀಫರು ಗಿರಣಿಯನ್ನು ಕಂಡು ಕಟ್ಟಿದ ಪದವಿದೆ. ಆ ಗಿರಣಿಯ ವಿಸ್ತಾರವನ್ನು ನೋಡು ಎಂದು ಒಬ್ಬ ಹೆಂಗಸಿಗೆ ತೋರಿಸುವ ಪದ. ಯಂತ್ರ ನೋಡಿ ಬೆರಗಾಗುವುದು, ಅದರಲ್ಲೇ ದೇಹದ ಲೆಕ್ಕ ಹೇಳುವುದು, ಎರಡೂ ಅದರಲ್ಲಿವೆ. ಭಜನೆಯವರು ಹಾಡುತ್ತಾರೆ, ನಗರದ ವೇದಿಕೆಯಲ್ಲಿ ನಾನು ಕೇಳಿಲ್ಲ. ಗಿಟಾರು, ಡ್ರಮ್ಮು, ವಿದ್ಯುತ್ತು ಎಲ್ಲಾ ಇಟ್ಟುಕೊಂಡ ತಂಡಕ್ಕೆ ಯಂತ್ರದ ಸದ್ದನ್ನು ತಾಳವಾಗಿಸುವುದು ಏಕತಾರಿಯವರಿಗಿಂತ ಸುಲಭ. ಗುಡುಗುಡಿಯಲ್ಲಿ ಅವರು ತೋರಿದ ಚುರುಕು ಅಲ್ಲಿ ಇನ್ನೂ ಮಿಂಚುತ್ತಿತ್ತು.

ಪೀಣ್ಯದಲ್ಲಿ ಕೂತು ಹೇಳುವುದರಿಂದ ನನಗೆ ಹೀಗನ್ನಿಸುತ್ತದೋ ಏನೋ. ನನ್ನ ತರಗತಿಯ ಅರ್ಧದಷ್ಟು ಮಕ್ಕಳ ತಾಯಂದಿರು ಗಾರ್ಮೆಂಟ್ಸಿನವರು. ಹಾವೇರಿ, ಗದಗ, ರಾಯಚೂರಿನಿಂದ ಬಂದವರೂ ಇದ್ದಾರೆ. ಪಿ.ಎಫ್. ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ಕಟ್ಟುಪಾಡು ತಂದಾಗ, 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಬಹುಪಾಲು ಇಂಥ ಹೆಂಗಸರೇ. ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಗಿರಣಿ ನೋಡು ಎಂದು ಇವರಿಗೆ ಯಾರೂ ತೋರಿಸಬೇಕಾಗಿಲ್ಲ.

ಒಮ್ಮೆ ಒಂಬತ್ತನೆಯ ತರಗತಿಗೆ ಮಾಳಿಗೆಯ ಪದವನ್ನು ಈ ಸಿ.ಡಿ.ಯಿಂದಲೇ ಕೇಳಿಸಿದ್ದೆ. ಗಂಡ ಹತ್ತಲಾರೆ ಎಂದ ಮೇಲೆ ಹೆಂಡತಿ ಏನು ಹೇಳಿದಳು ಮಿಸ್ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಪದದಲ್ಲಿ ಅವಳ ಮಾತಿಲ್ಲ ಎಂದೆ. ನಮ್ಮವ್ವನ ವಿಷಯ ಹೇಳೋಣವೆನ್ನಿಸಿತು, ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಿ.ಡಿ. ಹಾಕುವ ಯಂತ್ರ ಈಗ ಕೆಟ್ಟಿದೆ, ರಿಪೇರಿ ಮಾಡುವವರೂ ಸಿಗುತ್ತಿಲ್ಲ. ಅಣ್ಣನ ಮಗ ಅದೇ ಹಾಡುಗಳನ್ನು ಫೋನಿಗೆ ಹಾಕಿಕೊಟ್ಟಿದ್ದಾನೆ. ಮೊನ್ನೆ ಎದುರುಮನೆಯಾಕೆ ಶಿಫ್ಟು ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದಾಗ ಮಾಳಿಗೆಯ ಪದ ಹಾಕಿದೆ. ಅವಳದು ಸವಣೂರಿನ ಕಡೆಯ ಊರು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಫೋನು ಕೆಳಗಿಡಿಸಿ, ತಮ್ಮೂರಲ್ಲಿ ಹಾಡುವ ಧಾಟಿಯೇ ಬೇರೆ ಎಂದು ತಾನೇ ಹಾಡಲು ಶುರು ಮಾಡಿದಳು.