ಮೊದಲು ಕೋಸಂಬರಿ, ಆಮೇಲೆ ಅನ್ನ

ಮೂರು ವರ್ಷದ ಮಗುವಿನ ತಟ್ಟೆಗೆ ಅನ್ನ, ಹುಳಿ, ಹುರುಳಿಕಾಯಿ ಪಲ್ಯ, ಹಪ್ಪಳ ಎಲ್ಲವನ್ನೂ ಒಟ್ಟಿಗೇ ಬಡಿಸಿದರೆ ಕೈ ಮೊದಲು ಹೋಗುವುದು ಹಪ್ಪಳಕ್ಕೆ. ಮಗುವನ್ನು ದೂರಿ ಫಲವಿಲ್ಲ. ಕರಿದದ್ದರ ಎದುರು ಹುರುಳಿಕಾಯಿ ಗೆಲ್ಲುವುದು ದೊಡ್ಡವರ ತಟ್ಟೆಯಲ್ಲೂ ಅಪರೂಪ. ಹಸಿವು ಜೋರಾಗಿರುವ ಹೊತ್ತಿನಲ್ಲಿ ತರಕಾರಿಯೊಂದೇ ಎದುರಿಗಿರಲಿ, ಉಳಿದದ್ದು ಆಮೇಲೆ ಬರಲಿ ಎಂಬುದು ನನ್ನ ವಾದ. ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಶಿಶುವಿಹಾರದ 51 ಮಕ್ಕಳಿಗೆ ಊಟಕ್ಕೆ ಮೊದಲು ಬರೀ ಕ್ಯಾರೆಟ್ ಕೊಟ್ಟು ನೋಡಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. 30 ಗ್ರಾಂ ಬದಲು 60 ಗ್ರಾಂ ಇಟ್ಟಾಗ ಮಕ್ಕಳು ತಿಂದ ಕ್ಯಾರೆಟ್ ಶೇ 47ರಷ್ಟು ಹೆಚ್ಚಿತು. 90 ಗ್ರಾಂ ಇಟ್ಟಾಗ ಅದಕ್ಕಿಂತ ಮೇಲೇರಲಿಲ್ಲ. ರಾಶಿ ಸುರಿದು ಪ್ರಯೋಜನವಿಲ್ಲ ಎಂದಾಯಿತು.

ನಮ್ಮ ಎಲೆ ಊಟದಲ್ಲೂ ಅನ್ನಕ್ಕೆ ಮೊದಲೇ ಕೋಸಂಬರಿ, ಪಲ್ಯ ಬಂದು ಕೂತಿರುತ್ತವೆ. ಅನ್ನ ಬಂದ ಮೇಲೂ ತೊವ್ವೆ, ಸಾರು, ಹುಳಿ, ಮಜ್ಜಿಗೆ ಸರದಿಯ ಮೇಲೇ ಬರುತ್ತವೆ. ಆದರೆ ಎಲೆ ಪೂರ್ತಿ ನನ್ನ ಪಕ್ಷದಲ್ಲಿಲ್ಲ: ತುದಿಯಲ್ಲಿ ಪಾಯಸದ ತೊಟ್ಟು ಮೊದಲೇ ಬಿದ್ದಿರುತ್ತದೆ, ತುಪ್ಪ ಬೀಳುವವರೆಗೆ ಕೈ ಹಚ್ಚುವಂತಿಲ್ಲ. ಮಕ್ಕಳ ಮಟ್ಟಿಗೆ ಈ ಎರಡನ್ನೂ ಸಡಿಲಿಸಬೇಕು. ನೆನೆಸಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕಾಯಿತುರಿ ಸೇರಿಸಿ, ಹಸಿಮೆಣಸಿನಕಾಯಿ ಬಿಟ್ಟು, ಉಪ್ಪನ್ನು ಬಡಿಸುವಾಗಲೇ ಹಾಕಿ. ಮುಂಚೆ ಹಾಕಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಪ್ಪಗಾಗುತ್ತದೆ. ಅದನ್ನು ಯಾವ ಮಗು ಮುಟ್ಟೀತು?

ಅನ್ನದಲ್ಲಿ ತರಕಾರಿ ಹಿಸುಕಿ, ಕಲಸಿ ತುತ್ತು ಕೊಟ್ಟರೆ ಆಗದೇ ಎನ್ನುವವರಿದ್ದಾರೆ. ಹೊಟ್ಟೆಗೇನೋ ಹೋಗುತ್ತದೆ, ಆದರೆ ಬೀನ್ಸಿನ ರುಚಿ ನಾಲಿಗೆಗೆ ಪರಿಚಯವಾಗುವುದಿಲ್ಲ. ಕೆಲಸದಿಂದ ಬಂದು ನಾಲ್ಕು ಸಲ ಬಡಿಸಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಾಲ್ಕು ಸಲ ಬೇಡ, ಎರಡೇ ಸಾಕು: ಕುಕ್ಕರ್ ಕೂಗುವಷ್ಟರಲ್ಲಿ ಮಗು ಸೌತೆ ಹೋಳು ತಿನ್ನುತ್ತಿರಲಿ. ಹೇಗೂ ಆ ಹೊತ್ತಿಗೆ ಅದರ ಕೈಗೆ ಬಿಸ್ಕತ್ತು ಹೋಗಿರುತ್ತದೆ.

ನಿಜವಾದ ಅಪಾಯ ಬೇರೆಯದು. ಸರದಿ ಎಂಬುದು ‘ಪಲ್ಯ ಮುಗಿಸಿದರೆ ಜಾಮೂನು’ ಎಂಬ ಲಂಚಕ್ಕೆ ಸುಲಭವಾಗಿ ತಿರುಗುತ್ತದೆ. ಆಮಿಷವೊಡ್ಡಿ ತಿನ್ನಿಸಿದ್ದರ ಮೇಲೆ ಮಕ್ಕಳ ಒಲವು ಕಡಿಮೆಯಾಗುತ್ತದೆಂದು, ಕ್ಯಾರೆಟ್ ಅಧ್ಯಯನದ ತಂಡದಲ್ಲೂ ಇದ್ದ ಲಿಯಾನ್ ಬರ್ಚ್ 1980ರ ದಶಕದಲ್ಲೇ ತೋರಿಸಿದ್ದರು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ನಿರ್ಧಾರ. ಎಷ್ಟು ಎಂಬುದು ಮಗುವಿಗೆ ಬಿಟ್ಟದ್ದು ಎಂದು ಪೋಷಣಾ ತಜ್ಞೆ ಎಲಿನ್ ಸ್ಯಾಟರ್ ಹೇಳುವುದು ಇದಕ್ಕೇ. ಮುಟ್ಟದೇ ಬಿಟ್ಟರೂ ಸರಿ, ಗದರದೆ ಅನ್ನ ಬಡಿಸಿ, ನಾಳೆ ಮತ್ತೆ ತರಕಾರಿ ಮುಂದಿಡಿ. ನಾಲ್ಕು ವರ್ಷದೊಳಗಿನವರಿಗೆ ಮಾತ್ರ ಹಸಿ ಕ್ಯಾರೆಟ್ ತುಂಡು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತುರಿದು ಅಥವಾ ಮೆತ್ತಗೆ ಬೇಯಿಸಿ ಕೊಡಿ.