ಗಾಢನಿದ್ರೆಯ ಸಾಕ್ಷ್ಯ, ಪಂಕ್ತಿಯ ಪ್ರಶ್ನೆ

ರಾಜಾಜಿನಗರದ ಇಸ್ಕಾನ್ ಗುಡ್ಡಕ್ಕೂ ವಿಜಯನಗರದ ಆದಿಚುಂಚನಗಿರಿ ಶಾಖಾಮಠಕ್ಕೂ ಹೆಚ್ಚು ದೂರವಿಲ್ಲ. ಹತ್ತಿರದಲ್ಲೇ ಬಸವಣ್ಣನ ಹೆಸರು ಹೊತ್ತ ಬಡಾವಣೆ. ಇಸ್ಕಾನಿನ ಗೌಡೀಯ ವೈಷ್ಣವರಿಗೆ ಜೀವ ಕೃಷ್ಣನ ನಿತ್ಯದಾಸ. ಆದಿಚುಂಚನಗಿರಿಯ ಮೂಲದ ನಾಥರು ದೇಹವನ್ನೇ ಸಾಧನೆಯ ನೆಲವಾಗಿಸಿಕೊಂಡರು. ಶರಣರದು ಲಿಂಗಾಂಗ ಸಾಮರಸ್ಯ. ‘ನಾನು ಯಾರು’ ಎಂಬ ಪ್ರಶ್ನೆಗೆ ಬೆಂಗಳೂರಿನ ಪಶ್ಚಿಮದಲ್ಲಿ ಉತ್ತರಗಳಿಗೇನೂ ಬರವಿಲ್ಲ. ಇವುಗಳ ಜೊತೆಗೆ ಈಗ ಕೆಂಗೇರಿಯವರೆಗೂ ಧ್ಯಾನ ಶಿಬಿರಗಳ ಬ್ಯಾನರುಗಳು. ಅವು ಮುಖ್ಯವಾಗಿ ಕೊಡುವುದು ಒಂದು ಅಪರೂಪದ ಅನುಭವದ ಭರವಸೆಯನ್ನು. ಅನುಭವದ ಈ ಮೋಹವನ್ನು ಕನ್ನಡದಲ್ಲಿ ಬಹಳ ಕಟ್ಟುನಿಟ್ಟಾಗಿ ಪ್ರಶ್ನಿಸಿದ ಪರಂಪರೆಯೊಂದಿದೆ: ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ. ಅದರ ಸಾಧನೆಯನ್ನೂ ಅದು ನಿಂತುಬಿಟ್ಟ ಜಾಗವನ್ನೂ ಈಗ ಒಟ್ಟಿಗೆ ನೋಡಬೇಕಾಗಿದೆ.

ಯಲ್ಲಂಬಳಸೆಯ ಸುಬ್ಬರಾಯರು (1880–1975) ಶಾಲಾ ಉಪಾಧ್ಯಾಯರು. 1920ರಲ್ಲಿ ಬೆಂಗಳೂರಿನಲ್ಲೇ ಕಾರ್ಯಾಲಯವನ್ನು ಆರಂಭಿಸಿ, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ಒಯ್ದರು. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು, ಮಾಸಪತ್ರಿಕೆ ನಡೆಸಿದರು. ವೇದಾಂತವನ್ನು ಸತ್ಯದ ವಿಜ್ಞಾನವೆಂದು ಮಂಡಿಸಿದ ಕೆ.ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ಇಷ್ಟೆಲ್ಲ ನಡೆದದ್ದು ವಿಶ್ವವಿದ್ಯಾಲಯದ ಆಸರೆಯಿಂದಲ್ಲ, ಒಬ್ಬ ಮೇಷ್ಟರ ಹಟದಿಂದ. ಆ ಹಟದ ಮುಂದೆ ನಾನು ತಲೆಬಾಗುತ್ತೇನೆ.

1929ರಲ್ಲಿ ಅವರು ಸಂಸ್ಕೃತದಲ್ಲಿ ‘ಮೂಲಾವಿದ್ಯಾನಿರಾಸ’ ಬರೆದಾಗ ಪಂಡಿತವಲಯ ಕೆರಳಿತು. ಶಂಕರರ ನಂತರದ ವ್ಯಾಖ್ಯಾನಕಾರರು, ವಿಶೇಷವಾಗಿ ವಿವರಣ ಸಂಪ್ರದಾಯದವರು, ಅವಿದ್ಯೆಯನ್ನು ಜಗತ್ತಿಗೆ ಉಪಾದಾನವಾದ ಭಾವರೂಪದ ವಸ್ತುವೆಂದು ಬೆಳೆಸಿದ್ದರು. ಸುಬ್ಬರಾಯರು ಇದನ್ನು ಒಪ್ಪಲಿಲ್ಲ. ನಾನಲ್ಲದ್ದನ್ನು ನಾನೆಂದೂ, ನನ್ನ ಅರಿವನ್ನು ದೇಹದ್ದೆಂದೂ ಕಲಸಿಕೊಳ್ಳುವ ಅಧ್ಯಾಸವೇ ಅವಿದ್ಯೆ; ಅದರ ಹಿಂದೆ ಇನ್ನೊಂದು ಬೀಜವನ್ನು ಹುಡುಕಬೇಕಿಲ್ಲ ಎಂದರು. ಇದು ಬರೀ ಪಾಂಡಿತ್ಯದ ಜಗಳವಲ್ಲ. ಅವಿದ್ಯೆ ಒಂದು ವಸ್ತುವಾದರೆ ಅದನ್ನು ಸುಟ್ಟುಹಾಕಲು ವಿಶೇಷ ಸಮಾಧಿ ಬೇಕೆನಿಸುತ್ತದೆ, ಅದನ್ನು ಪಡೆದ ವಿಶೇಷ ವ್ಯಕ್ತಿಯೂ ಬೇಕಾಗುತ್ತಾನೆ. ಅವಿದ್ಯೆ ತಪ್ಪು ತಿಳಿವಳಿಕೆಯಷ್ಟೇ ಆದರೆ ಸರಿಯಾಗಿ ವಿಚಾರಿಸಿದರೆ ಸಾಕು.

ಆ ವಿಚಾರಕ್ಕೆ ಅವರು ಹಿಡಿದ ದಾರಿ ಅವಸ್ಥಾತ್ರಯ, ಅಂದರೆ ಎಚ್ಚರ, ಕನಸು, ಗಾಢನಿದ್ರೆಗಳ ಪರಿಶೀಲನೆ. ಎಚ್ಚರದ ‘ನಾನು’ ಕನಸಿಗೆ ಹೋಗುವುದಿಲ್ಲ. ಕನಸಿನ ‘ನಾನು’ ಎಚ್ಚರಕ್ಕೆ ಬರುವುದಿಲ್ಲ. ಗಾಢನಿದ್ರೆಯಲ್ಲಿ ಎರಡೂ ಇಲ್ಲ. ಆದರೂ ನಾನು ಇಲ್ಲವಾದೆನೆಂದು ಯಾರೂ ಹೇಳುವುದಿಲ್ಲ. ಹೀಗಾಗಿ ಬಂದುಹೋಗುವ ಯಾವ ಅನುಭವವೂ, ಅದು ಎಷ್ಟೇ ದಿವ್ಯವಾಗಿರಲಿ, ಆತ್ಮವಾಗಲಾರದು. ಧ್ಯಾನದಲ್ಲಿ ಕಂಡ ಬೆಳಕು ನನ್ನದು, ನಿಮ್ಮದಲ್ಲ; ಇಂದಿನದು, ನಿನ್ನೆಯದಲ್ಲ. ನಿದ್ರೆಯಾದರೋ ಪೀಣ್ಯದಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಮಠಾಧಿಪತಿಗೂ ಒಂದೇ. ಎಲ್ಲರಿಗೂ ಸಮಾನವಾದದ್ದೇ ಪ್ರಮಾಣ ಎಂಬ ಈ ನಿಲುವನ್ನು ಆಧುನಿಕ ಕನ್ನಡ ಚಿಂತನೆಯ ದಿಟ್ಟ ಹೆಜ್ಜೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಒಂದು ತೊಡಕು ಮಾತ್ರ ಉಳಿಯುತ್ತದೆ. ನಿದ್ರೆಯ ಬಗ್ಗೆ ನಾವು ಆಡುವುದೆಲ್ಲ ಎಚ್ಚರದ ಮಾತೇ. ಅಲ್ಲಿ ಏನೂ ತಿಳಿಯಲಿಲ್ಲ ಎಂಬುದರಿಂದ ಅಲ್ಲಿ ಅದ್ವಯವಾದ ಅರಿವಿತ್ತು ಎಂದು ಹೇಗೆ ತೀರ್ಮಾನಿಸುವುದು? ಬೌದ್ಧನೊಬ್ಬ ಅಲ್ಲಿ ಏನೂ ಇರಲಿಲ್ಲ ಎಂದರೆ? ನಿದ್ರೆಯನ್ನು ಗಂಟೆಗಳಲ್ಲಿ ಅಳೆಯುವುದು ಎಚ್ಚರದ ಕಾಲದಿಂದ, ಅದನ್ನು ಅದರ ನೆಲೆಯಿಂದಲೇ ನೋಡಬೇಕು ಎನ್ನುವುದು ಈ ಪರಂಪರೆಯ ಉತ್ತರ. ಉತ್ತರ ಸೂಕ್ಷ್ಮವಾಗಿದೆ, ನಿಜ. ಆದರೆ ಅದು ಒಲಿದವರನ್ನು ಗಟ್ಟಿಮಾಡುವಷ್ಟು ಸಂದೇಹಿಯನ್ನು ಗೆಲ್ಲುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆಯದು. ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಾದ ಅಧ್ಯಾಸಭಾಷ್ಯದಲ್ಲಿ ಶಂಕರರು ಆತ್ಮದ ಮೇಲೆ ಹೇರಿಕೊಂಡವುಗಳನ್ನು ಹೇಳುವಾಗ ವರ್ಣ, ಆಶ್ರಮ, ವಯಸ್ಸುಗಳನ್ನೂ ಸೇರಿಸುತ್ತಾರೆ. ಗಾಢನಿದ್ರೆಯಲ್ಲಿ ತಂದೆತನವೂ ಚಾಂಡಾಲತನವೂ ಅಳಿಯುತ್ತವೆಂದು ಬೃಹದಾರಣ್ಯಕ ಹೇಳಿಯಾಗಿದೆ. ಅದೇ ಶಂಕರರು ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಅಪಶೂದ್ರಾಧಿಕರಣದಲ್ಲಿ ಶೂದ್ರನಿಗೆ ವೇದಪೂರ್ವಕವಾದ ವಿದ್ಯೆಯ ಅಧಿಕಾರವಿಲ್ಲವೆನ್ನುತ್ತಾರೆ. ವಿದುರ, ಧರ್ಮವ್ಯಾಧರ ಜ್ಞಾನಕ್ಕೆ ಹಿಂದಿನ ಜನ್ಮದ ಸಂಸ್ಕಾರವನ್ನು ಕಾರಣ ಕೊಡುತ್ತಾರೆ. ಇತಿಹಾಸ ಪುರಾಣಗಳ ಬಾಗಿಲನ್ನು ಮಾತ್ರ ತೆರೆದಿಡುತ್ತಾರೆ. ವ್ಯವಹಾರ ಬೇರೆ, ಪರಮಾರ್ಥ ಬೇರೆ ಎಂಬ ಸಮಾಧಾನ ಸಿದ್ಧವಾಗಿದೆ. ನನಗದು ಸಾಲದು. ಸುಳ್ಳೆಂದು ತಿಳಿದ ಗುರುತು ಪಾಠ ಮುಗಿದೊಡನೆ ಮನೆಯೊಳಗೆ, ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಮತ್ತೆ ಬಂದು ಕೂತರೆ ತಿಳಿದದ್ದೇನು?

ಇಲ್ಲಿಯೇ ಕಲ್ಯಾಣದ ಶರಣರು ನೆನಪಾಗುವುದು. ಅವರು ಗುರುತನ್ನು ಕಳಚಿದ್ದು ನಿದ್ರೆಯ ವಿಚಾರದಲ್ಲಲ್ಲ, ಕಾಯಕದಲ್ಲಿ, ಸಂಬಂಧದಲ್ಲಿ. ಸಮಗಾರ ಮೂಲದ ಹರಳಯ್ಯ, ಬ್ರಾಹ್ಮಣ ಮೂಲದ ಮಧುವರಸ ಬೀಗರಾದರು, ಅದಕ್ಕಾಗಿ ಪ್ರಾಣ ತೆತ್ತರು ಎನ್ನುತ್ತದೆ ಶರಣ ಪರಂಪರೆ. ಆದರೆ ಎಲ್ಲ ಗುರುತುಗಳನ್ನು ಅಳಿಸಲೆಂದು ಕೈಗೆ ಬಂದ ಇಷ್ಟಲಿಂಗವೇ ಮುಂದೆ ಒಂದು ಗುರುತಾಯಿತು, ಅದರೊಳಗೆ ಉಪಪಂಗಡಗಳು ಹುಟ್ಟಿದವು. ಬಸವೇಶ್ವರನಗರದಲ್ಲಿ ಹೆಣ್ಣು ಗಂಡು ನೋಡುವಾಗಲೂ ಕೇಳುವುದು ಪಂಗಡವನ್ನೇ. ಗುರುತು ಮತ್ತೆ ಮತ್ತೆ ಹುಟ್ಟುತ್ತದೆ ಎಂಬುದನ್ನು ಅಲ್ಲಮ ಚೆನ್ನಾಗಿ ಬಲ್ಲ. ಕುರುಹಿಗೆ ಅಂಟಿದ ಭಕ್ತಿಯನ್ನು ಅವನಷ್ಟು ಕಠಿಣವಾಗಿ ಪರೀಕ್ಷಿಸಿದವರು ವಿರಳ.

ಅನುಭವದ ವಿಷಯದಲ್ಲಿ ನಾನು ಹೊಳೆನರಸೀಪುರದ ಪಕ್ಷ, ಗುರುತಿನ ವಿಷಯದಲ್ಲಿ ಕಲ್ಯಾಣದ ಪಕ್ಷ. ಈ ಎರಡು ಪಕ್ಷಗಳು ಒಂದನ್ನೊಂದು ಓದಿಕೊಂಡದ್ದು ಕಡಿಮೆ. ಹಾಗೆ ಓದಲು ಬೇಕಾದ ಸಲಕರಣೆಯನ್ನು ಸುಬ್ಬರಾಯರೇ ಒದಗಿಸಿದ್ದಾರೆ: ಭಾಷ್ಯ ಕನ್ನಡಕ್ಕೆ ಬಂದ ದಿನವೇ ಅಧಿಕಾರದ ಬೇಲಿ ಆಚರಣೆಯಲ್ಲಿ ಮುರಿದಿತ್ತು. ವೇದಕ್ಕೆ ಅನರ್ಹನೆಂದು ಹೇಳಿಸಿಕೊಂಡವನ ಮೊಮ್ಮಗಳು ಇಂದು ವಿಜಯನಗರದ ಮನೆಯಲ್ಲಿ ಕೂತು ಅಪಶೂದ್ರಾಧಿಕರಣವನ್ನೇ ತನ್ನ ಭಾಷೆಯಲ್ಲಿ ಓದಬಲ್ಲಳು. ಅವಳು ಅಧ್ಯಾಸಭಾಷ್ಯವನ್ನು ಪಕ್ಕದಲ್ಲಿಟ್ಟುಕೊಂಡು ಕೇಳುವ ಪ್ರಶ್ನೆಗೆ, ವ್ಯವಹಾರ–ಪರಮಾರ್ಥದ ಹಳೆಯ ಸಮಾಧಾನವನ್ನು ಮುಂದಿಡದೆ, ಈ ಪರಂಪರೆಯ ಇಂದಿನ ಅಧ್ಯಾಪಕರು ಭಾಷ್ಯದ ತರ್ಕದಿಂದಲೇ ಉತ್ತರ ಬರೆಯಬೇಕು.