ಹುಟ್ಟಿನ ಹೊರೆ, ಹೊತ್ತವರ ಪಾಡು: ಸೂಸನ್ ಕೂಪರ್ ಅವರ ‘ದ ಡಾರ್ಕ್ ಈಸ್ ರೈಸಿಂಗ್’

ಇಂಗ್ಲಿಷಿನ ಮಕ್ಕಳ ಅದ್ಭುತ ಕಾದಂಬರಿಗಳಲ್ಲಿ ಒಂದು ಆಶಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ತೀರ ಸಾಮಾನ್ಯನೆಂದು ತನ್ನನ್ನು ತಿಳಿದುಕೊಂಡಿದ್ದ ಬಾಲಕನೊಬ್ಬ, ತನ್ನ ಹುಟ್ಟಿನೊಡನೆಯೇ ಬಂದ ಮಾಂತ್ರಿಕ ಶಕ್ತಿಯನ್ನೂ ಅದಕ್ಕೆ ತಗಲಿಕೊಂಡ ಹೊಣೆಯನ್ನೂ ಒಂದು ದಿನ ಅರಿಯುತ್ತಾನೆ. ಇದನ್ನು ಕೇವಲ ಸಾಹಸಕಥೆಯ ಸಿದ್ಧಸೂತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂಲದಲ್ಲಿ ಇದು ದಾಯದ ಕಥೆ. ಯಾರಿಗೆ ಏನು ಬರಬೇಕು, ಬಂದದ್ದನ್ನು ಒಲ್ಲೆನೆನ್ನುವ ಹಕ್ಕು ಉಂಟೇ, ಬಂದದ್ದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಗಳು ಅದರೊಳಗಿವೆ. 1973ರಲ್ಲಿ ಪ್ರಕಟವಾದ ಸೂಸನ್ ಕೂಪರ್ ಅವರ ‘ದ ಡಾರ್ಕ್ ಈಸ್ ರೈಸಿಂಗ್’ ಕಾದಂಬರಿಯನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1935ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದ ಬರ್ನ್‌ಹ್ಯಾಮ್‌ನಲ್ಲಿ ಜನಿಸಿದ ಕೂಪರ್, ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳ ನಡುವೆ ಬಾಲ್ಯವನ್ನು ಕಳೆದವರು. ಆಕ್ಸ್‌ಫರ್ಡಿನಲ್ಲಿ ಓದುವಾಗ ಟೋಲ್ಕಿನ್ ಮತ್ತು ಸಿ. ಎಸ್. ಲೂಯಿಸ್ ಅಲ್ಲಿ ಉಪನ್ಯಾಸ ನೀಡುತ್ತಿದ್ದರು. 1963ರಲ್ಲಿ ಅಮೆರಿಕಕ್ಕೆ ನೆಲೆ ಬದಲಿಸಿದ ಮೇಲೆ, ತಾವು ಬಿಟ್ಟುಬಂದ ಥೇಮ್ಸ್ ಕಣಿವೆಯನ್ನು ಈ ಕಾದಂಬರಿಯಲ್ಲಿ ಮರಳಿ ಕಟ್ಟಿದರು. ಐದು ಸಂಪುಟಗಳ ಮಾಲೆಯಲ್ಲಿ ಇದು ಎರಡನೆಯದು. ಮೊದಲನೆಯದು 1965ರಲ್ಲೂ ಕೊನೆಯದಾದ ‘ಸಿಲ್ವರ್ ಆನ್ ದ ಟ್ರೀ’ 1977ರಲ್ಲೂ ಹೊರಬಂದವು. ನಾಲ್ಕನೆಯ ‘ದ ಗ್ರೇ ಕಿಂಗ್’ 1976ರ ನ್ಯೂಬೆರಿ ಪದಕವನ್ನು ಪಡೆಯಿತು.

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಿಲ್ ಸ್ಟಾಂಟನ್ ಎಂಬ ಬಾಲಕನಿಗೆ ನಡುಚಳಿಗಾಲದ ದಿನ ಹನ್ನೊಂದು ವರ್ಷ ತುಂಬುತ್ತದೆ. ಅವನು ಏಳನೆಯ ಮಗನ ಏಳನೆಯ ಮಗ. ಬೆಳಕಿನ ಪಕ್ಷದ ಅಮರ ರಕ್ಷಕರಾದ ‘ಓಲ್ಡ್ ಒನ್ಸ್’ ಎಂಬವರ ಸಾಲಿನಲ್ಲಿ ಐನೂರು ವರ್ಷಗಳ ತರುವಾಯ ಹುಟ್ಟಿದವನು, ಕೊನೆಯವನೂ ಹೌದು. ಮರ, ಕಂಚು, ಕಬ್ಬಿಣ, ನೀರು, ಬೆಂಕಿ, ಕಲ್ಲು ಎಂಬ ಆರು ಲಾಂಛನಗಳನ್ನು ಹುಡುಕಿ ಒಂದುಗೂಡಿಸುವುದು ಅವನ ಕೆಲಸ. ಹಿಮಪಾತ, ನೆರೆ, ಕ್ರಿಸ್‌ಮಸ್ ದಿನದ ಚರ್ಚು, ಕೊನೆಯಲ್ಲಿ ಹರ್ನ್ ಎಂಬ ಕೊಂಬಿನ ಬೇಟೆಗಾರನ ಸವಾರಿ, ಇವೆಲ್ಲ ಕೆಲವೇ ದಿನಗಳ ಅವಧಿಯಲ್ಲಿ ಸಂಭವಿಸುತ್ತವೆ. ಲಾಂಛನಗಳ ಅನ್ವೇಷಣೆಯಲ್ಲಿ ನಿಜವಾದ ಕುತೂಹಲ ಕಡಿಮೆ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದೊಂದು ಲಾಂಛನವೂ ಸಿಗಬೇಕಾದ ಹೊತ್ತಿಗೆ ಸಿಗಬೇಕಾದವನಿಗೇ ಸಿಗುತ್ತದೆ. ಕಾದಂಬರಿಯ ಸತ್ತ್ವವಿರುವುದು ಬೇರೆ ಕಡೆ.

ವಿಲ್‌ಗೆ ಈ ಅಧಿಕಾರ ಬರುವ ಬಗೆಯನ್ನು ಗಮನಿಸಬೇಕು. ಯಾರೋ ಸತ್ತು ಅವರ ಸ್ಥಾನ ಇವನಿಗೆ ಬರುವುದಿಲ್ಲ. ಹುಟ್ಟಿದ ಗಳಿಗೆಯಲ್ಲಿಯೇ ಅದು ಇವನದಾಗಿರುತ್ತದೆ. ನಮ್ಮ ಧರ್ಮಶಾಸ್ತ್ರಕಾರರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆಯ ಮರಣಾನಂತರವೇ ಮಗನಿಗೆ ಸ್ವತ್ತಿನ ಹಕ್ಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ದ ಪ್ರಕಾರವಾದರೋ ಹಕ್ಕು ಜನ್ಮದಿಂದಲೇ. ಹಕ್ಕಿನ ಬೆನ್ನಿಗೇ ಹೊರೆಯೂ ಇತ್ತು. ಜೂಜು ಕುಡಿತಗಳಿಗಾಗಿ ಮಾಡಿದ್ದನ್ನು ಬಿಟ್ಟು ತಂದೆಯ ಉಳಿದ ಸಾಲವನ್ನು ಮಗ ತೀರಿಸತಕ್ಕದ್ದು. ಈ ಪರಿಭಾಷೆಯಲ್ಲಿ ಹೇಳುವುದಾದರೆ ವಿಲ್ ಅಪ್ಪಟ ಮಿತಾಕ್ಷರದ ಮಗ. ಕೇಳದೆ ಬಂದ ಆಸ್ತಿ, ಮಾಡದೆ ಬಂದ ಸಾಲ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ವಿಲ್‌ಗೆ ಗ್ವೆನ್, ಬಾರ್ಬರಾ, ಮೇರಿ ಎಂಬ ಮೂವರು ಅಕ್ಕಂದಿರಿದ್ದಾರೆ. ಏಳರ ಎಣಿಕೆಯಲ್ಲಿ ಶೈಶವದಲ್ಲೇ ತೀರಿಕೊಂಡ ಹಿರಿಯ ಅಣ್ಣ ಟಾಮ್ ಸೇರುತ್ತಾನೆ, ಬದುಕಿರುವ ಈ ಮೂವರು ಸೇರುವುದಿಲ್ಲ. ಆದರೆ ಕತ್ತಲೆಯ ಪಕ್ಷದವರಿಗೆ ಒತ್ತೆಯಾಳು ಬೇಕಾದಾಗ ಸಿಕ್ಕುವವಳು ಮೇರಿಯೇ. ದಾಯದಲ್ಲಿ ಪಾಲಿಲ್ಲ, ಅಪಾಯದಲ್ಲಿ ಪಾಲುಂಟು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕು ದೇಶದಾದ್ಯಂತ ದೊರೆಯಲು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯವರೆಗೆ ಕಾಯಬೇಕಾಯಿತೆಂಬುದನ್ನು ನೆನೆದರೆ, ಕೂಪರ್ ಅವರನ್ನಷ್ಟೇ ದೂರುವುದು ನ್ಯಾಯವಾಗದು.

‘ಓಲ್ಡ್ ಒನ್ಸ್’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು? ನಡುಗನ್ನಡವನ್ನು ಓದಿದವರಿಗೆ ಥಟ್ಟನೆ ಹೊಳೆಯುವ ಮಾತು ‘ಪುರಾತನರು’. ಅರ್ಥವೂ ಗಾಂಭೀರ್ಯವೂ ಹೊಂದುತ್ತವೆ. ಆದರೆ ಈ ಪದವನ್ನು ಬಳಸಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ಹರಿಹರನ ರಗಳೆಗಳಲ್ಲಿ ಬರುವ ಪುರಾತನರು ಹುಟ್ಟಿನಿಂದ ಪುರಾತನರಾದವರಲ್ಲ. ಕಣ್ಣಪ್ಪ ಬೇಡ, ಮಾಂಸವನ್ನು ನೈವೇದ್ಯ ಮಾಡಿದವನು, ಕಣ್ಣನ್ನೇ ಕಿತ್ತು ಕೊಟ್ಟವನು. ಆ ಕೊಡುವಿಕೆಯಿಂದ ಅವನು ಪುರಾತನನಾದ. ವಿಜ್ಞಾನೇಶ್ವರನು ಜನ್ಮಸ್ವತ್ವವನ್ನು ಪ್ರತಿಪಾದಿಸಿದ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಅನಂತರ ಬಸವಣ್ಣನವರೂ ಅವರ ಸಂಗಡಿಗರೂ ಜನ್ಮದಿಂದ ಬರುವ ಮೇಲ್ಮೆಯನ್ನು ಪ್ರಶ್ನಿಸಿದರು. ಈ ವಾಗ್ವಾದವನ್ನು ತನ್ನ ಭಾಷೆಯ ಒಡಲಿನಲ್ಲೇ ಇಟ್ಟುಕೊಂಡಿರುವ ಕನ್ನಡ ಓದುಗ, ಹುಟ್ಟಿನಿಂದಲೇ ಬೆಳಕಿನವನಾದ ನಾಯಕನನ್ನು ಪ್ರಶ್ನೆಯಿಲ್ಲದೆ ಒಪ್ಪಲಾರ. ಆದುದರಿಂದ ಅನುವಾದಕರು ‘ಹಿರಿಯರು’ ಎಂಬ ತಟಸ್ಥ ಪದವನ್ನು ಬಳಸುವುದೇ ಲೇಸು. ‘ಪುರಾತನರು’ ಎಂದರೆ ಕಾದಂಬರಿಯ ಮೇಲೆ ನಾವೇ ಒಂದು ತೀರ್ಪನ್ನು ಹೇರಿದಂತಾಗುತ್ತದೆ.

ದಾಯದಲ್ಲಿ ಭಾಷೆಯೂ ಸೇರಿದೆ. ಮೆರಿಮನ್ ಎಂಬ ಗುರುಸ್ಥಾನದ ಹಿರಿಯನೊಡನೆ ಮಾತನಾಡುವಾಗ ವಿಲ್ ತನಗರಿವಿಲ್ಲದೆಯೇ ‘ಹಳೆಯ ನುಡಿ’ಯನ್ನು ಆಡುತ್ತಿರುತ್ತಾನೆ. ಅವನು ಓದಬೇಕಾದ ಗ್ರಂಥದ ಹೆಸರು ‘ಬುಕ್ ಆಫ್ ಗ್ರಾಮರಿ’. ‘ಗ್ರಾಮರಿ’ ಎಂಬುದು ವ್ಯಾಕರಣವೆಂಬ ಅರ್ಥದ ‘ಗ್ರಾಮರ್’ ಪದದಿಂದಲೇ ಹುಟ್ಟಿ, ಮಧ್ಯಯುಗದಲ್ಲಿ ಗೂಢವಿದ್ಯೆ ಎಂಬ ಅರ್ಥವನ್ನು ಪಡೆದ ಶಬ್ದ. ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ವ್ಯಾಕರಣ ಬಲ್ಲವನು ಮಂತ್ರ ಬಲ್ಲವನಂತೆ ಕಂಡದ್ದು ಸಹಜವೇ. ವಿಲ್ ಒಂದೇ ಕೂರುವಿಕೆಯಲ್ಲಿ ಆ ಪುಸ್ತಕವನ್ನು ಮುಗಿಸುತ್ತಾನೆ, ಓದಿದ್ದೆಲ್ಲ ಅನುಭವವಾಗಿ ಅವನೊಳಗೆ ಇಳಿಯುತ್ತದೆ. ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಹೀಗೆ ಬರುವಂತಿದ್ದರೆ ಕನ್ನಡ ಪೀಠಗಳ ಕೆಲಸ ಬಹುಮಟ್ಟಿಗೆ ಹಗುರವಾಗುತ್ತಿತ್ತು. ಅಜ್ಜ ಅಜ್ಜಿಯರ ಭಾಷೆ ತಮ್ಮದೆಂದು ಅವರಿಗೆ ಹುಟ್ಟಿನಿಂದ ಹೇಳಲಾಗುತ್ತದೆ. ಆದರೆ ಕಾಗುಣಿತದಿಂದ ಮೊದಲ್ಗೊಂಡು ದುಡಿದೇ ಗಳಿಸಬೇಕು.

ಈ ಪುಸ್ತಕವನ್ನು ಪಡೆಯುವ ಪ್ರಸಂಗವೇ ಕಾದಂಬರಿಯ ಹೃದಯಭಾಗ. ಹಾಕಿನ್ ಹದಿಮೂರನೆಯ ಶತಮಾನದ ಒಬ್ಬ ಅನಾಥ. ಮೆರಿಮನ್ ಅವನನ್ನು ಮಗನಂತೆ ಸಾಕಿ ತನ್ನ ನಿಷ್ಠಾವಂತ ಅನುಚರನನ್ನಾಗಿಸಿದ್ದಾನೆ. ಗ್ರಂಥವು ಹತ್ತೊಂಬತ್ತನೆಯ ಶತಮಾನದ ಒಂದು ಬಂಗಲೆಯಲ್ಲಿ, ಗಡಿಯಾರದ ಗೂಡಿನೊಳಗೆ ಅಡಗಿದೆ. ಅದರ ಕಾವಲಿನ ಮಂತ್ರವನ್ನು ಹಾಕಿನ್‌ನ ದೇಹಕ್ಕೇ ಕಟ್ಟಲಾಗಿದೆ. ಮೆರಿಮನ್ ಅವನನ್ನು ಮುಟ್ಟಿಕೊಂಡಿದ್ದರೆ ಮಾತ್ರ ಪುಸ್ತಕವನ್ನು ಹೊರತೆಗೆಯಬಹುದು. ಕತ್ತಲೆಯವರು ಅದಕ್ಕೆ ಕೈಹಾಕಿದರೆ ಹಾಕಿನ್‌ನ ಪ್ರಾಣವನ್ನು ಬಲಿಗೊಟ್ಟಾದರೂ ಮೆರಿಮನ್ ಅದನ್ನು ಉಳಿಸಬೇಕು. ತಂದೆಯೆಂದು ನಂಬಿದವನಿಗೆ ತನಗಿಂತ ಪುಸ್ತಕ ಹೆಚ್ಚಿನದೆಂಬುದು ಆ ಗಳಿಗೆಯಲ್ಲಿ ಹಾಕಿನ್‌ಗೆ ಮನದಟ್ಟಾಗುತ್ತದೆ. ಅದೇ ಸಂಜೆ ಅವನು ಕತ್ತಲೆಯ ಪಕ್ಷಕ್ಕೆ ಜಾರುತ್ತಾನೆ. ಅದಕ್ಕೆ ಶಿಕ್ಷೆಯಾಗಿ ಕಂಚಿನ ಲಾಂಛನವನ್ನು ಹೊತ್ತು, ಸಾವೂ ಇಲ್ಲದೆ, ಆರುನೂರು ವರ್ಷ ಅಲೆಯಬೇಕಾಗುತ್ತದೆ. ಕಾದಂಬರಿಯ ಆರಂಭದಲ್ಲಿ ಹಿಮದಲ್ಲಿ ತೂರಾಡುತ್ತ ಬರುವ ಚಿಂದಿಬಟ್ಟೆಯ ಮುದುಕ ಇವನೇ ಎಂದು ನಮಗೆ ತಿಳಿಯುವುದು ಬಹಳ ತಡವಾಗಿ.

ಮೆರಿಮನ್ ಇದಕ್ಕೆ ಕೊಡುವ ಸಮಾಧಾನ ವಿಚಾರಾರ್ಹ. ಮರ್ತ್ಯನೊಬ್ಬನ ಮೇಲೆ ಅವನು ತಾಳಲಾರದಷ್ಟು ನಂಬಿಕೆಯನ್ನಿಟ್ಟದ್ದು ತನ್ನ ತಪ್ಪು ಎಂದು ಅವನು ವಿಲ್‌ನೆದುರು ಒಪ್ಪಿಕೊಳ್ಳುತ್ತಾನೆ. ಮೇಲ್ನೋಟಕ್ಕೆ ಇದು ಪಶ್ಚಾತ್ತಾಪ. ಆದರೆ ಈ ಮಾತಿನ ಒಳಗೆ ಹುಟ್ಟಿನ ಶ್ರೇಣಿಯೊಂದು ಹಾಗೆಯೇ ಉಳಿದಿದೆ: ದೋಷ ಕೇಳಿದವನದಲ್ಲ, ಕೇಳಿಸಿಕೊಂಡವನ ಅಲ್ಪತೆಯದು. ನನ್ನ ಮಟ್ಟಿಗೆ ಹಾಕಿನ್ ದುರ್ಬಲನಾದ ಕಾರಣ ಕೆಟ್ಟವನಲ್ಲ. ತಂದೆಯ ಪ್ರೀತಿಗೆ ಪಾಲುದಾರನೆಂದು ತಿಳಿದಿದ್ದವನಿಗೆ ತಾನು ಬೀಗದ ಕೈ ಮಾತ್ರವೆಂದು ಗೊತ್ತಾದದ್ದು ಅವನ ದುರಂತ. ವಿಲ್‌ಗೆ ಶಕ್ತಿಯೂ ಹೊರೆಯೂ ಒಟ್ಟಿಗೆ ಬಂದರೆ, ಹಾಕಿನ್‌ಗೆ ಶಕ್ತಿಯಿಲ್ಲದ ಹೊರೆ ಬಂದಿತು. ಮಿತಾಕ್ಷರದ ಸಾಲದ ನಿಯಮದಲ್ಲಿಯೂ ಇಂಥ ಕ್ರೌರ್ಯವಿಲ್ಲ. ಅಲ್ಲಿ ಸಾಲ ತೀರಿಸುವವನಿಗೆ ಆಸ್ತಿಯ ಮೇಲೆ ಹಕ್ಕಾದರೂ ಇದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಓದಿದವರಿಗೆ ಈ ಸಂಕಟ ಪರಿಚಿತ. ನುಡಿ ಹರಿಶ್ಚಂದ್ರನದು, ಹಾವು ಕಚ್ಚುವುದು ಲೋಹಿತಾಶ್ವನನ್ನು. ಆದರೂ ಅಲ್ಲಿ ಕೊನೆಗೆ ಮಗ ಎದ್ದು ಕುಳಿತುಕೊಳ್ಳುತ್ತಾನೆ. ಹಾಕಿನ್ ಏಳುವುದಿಲ್ಲ. ಅವನಿಂದ ಇನ್ನು ಪ್ರಯೋಜನವಿಲ್ಲವೆಂದಾಗ ಕತ್ತಲೆಯ ಸವಾರ ಅವನನ್ನು ಆಕಾಶದಿಂದ ಕೆಳಕ್ಕೆಸೆಯುತ್ತಾನೆ. ಮುರಿದ ಮೈಯಲ್ಲಿ ಅವನು ಬೇಡುವುದು ವಿಶ್ರಾಂತಿಯನ್ನಷ್ಟೇ.

ಕೂಪರ್ ಅವರ ದೊಡ್ಡತನ ಇಲ್ಲಿದೆ ಎಂದು ತೋರುತ್ತದೆ. ಬೆಳಕು ಮತ್ತು ಕತ್ತಲೆಯೆಂದು ಲೋಕವನ್ನು ಎರಡಾಗಿ ಸೀಳುವ ಚೌಕಟ್ಟನ್ನು ಇಟ್ಟುಕೊಂಡೂ, ಬೆಳಕಿನವರೇ ಒಬ್ಬನನ್ನು ಕತ್ತಲೆಗೆ ನೂಕಿದರೆಂಬುದನ್ನು ಅವರು ಮರೆಮಾಚಲಿಲ್ಲ. ಹನ್ನೊಂದು ವರ್ಷದ ನಾಯಕನ ಕಣ್ಣೆದುರಿಗೇ ಅದನ್ನು ನಡೆಸಿದರು. ಚೌಕಟ್ಟಿಗಿಂತ ಕೃತಿ ದೊಡ್ಡದಾಗುವುದು ಈ ಪ್ರಸಂಗದಿಂದ.

ಆದರೆ ಒಲ್ಲೆನೆನ್ನುವ ಹಕ್ಕಿನ ಪ್ರಶ್ನೆ ಈ ಸಂಪುಟದಲ್ಲಿ ಬಗೆಹರಿಯುವುದಿಲ್ಲ. ಮಾಲೆಯ ಕೊನೆಯ ಸಂಪುಟಕ್ಕೆ ಹೋಗಬೇಕು. ಅಲ್ಲಿ ಕತ್ತಲೆಯ ಸ್ವರೂಪವೇ ಬೇರೆಯಾಗಿ ಕಾಣತೊಡಗುತ್ತದೆ. ಭಾರತೀಯ ಮೂಲದ, ಸಿಂಗ್ ಎಂಬ ಹೆಸರಿನ ಪುಟ್ಟ ಹುಡುಗನೊಬ್ಬನನ್ನು ಊರಿನ ಬಿಳಿಯ ಹುಡುಗರು ಪೀಡಿಸುತ್ತಾರೆ. ಅವರಲ್ಲೊಬ್ಬನ ತಂದೆ ಆ ವರ್ಣದ್ವೇಷವನ್ನು ರಾಜಾರೋಷವಾಗಿ ಸಮರ್ಥಿಸಿಕೊಳ್ಳುತ್ತಾನೆ. ದ್ವೇಷವೂ ಪಿತ್ರಾರ್ಜಿತವಾಗಿ ಇಳಿದುಬರುತ್ತದೆಂಬುದನ್ನು ಕೂಪರ್ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಹೇಳಿಲ್ಲ. ಯಾವ ಲಾಂಛನದಿಂದಲೂ ಓಡಿಸಲಾಗದ ಕತ್ತಲೆ ಇದು.

ಅದೇ ಸಂಪುಟದ ಅಂತ್ಯದಲ್ಲಿ ಬ್ರಾನ್ ಎಂಬ ಹುಡುಗನಿಗೆ ಆಯ್ಕೆಯೊಂದು ಒದಗುತ್ತದೆ. ಅವನು ಹುಟ್ಟಿನಿಂದ ಆರ್ಥರ್ ದೊರೆಯ ಮಗ. ವೇಲ್ಸಿನಲ್ಲಿ ಓವೆನ್ ಡೇವಿಸ್ ಎಂಬ ಸಾಮಾನ್ಯನ ಸಾಕುಮಗನಾಗಿ ಬೆಳೆದವನು. ಆರ್ಥರ್ ತನ್ನೊಡನೆ ಕಾಲದಾಚೆಗೆ ಬರುವಂತೆ ಕರೆಯುತ್ತಾನೆ. ಬ್ರಾನ್ ಸಾಕಿದವನ ಬಳಿಯಲ್ಲೇ ಉಳಿಯುತ್ತಾನೆ; ಅಧಿಕಾರವನ್ನೂ ಅಮರತ್ವವನ್ನೂ ಬಿಟ್ಟುಕೊಡುತ್ತಾನೆ. ಕನ್ನಡದ ಓದುಗನಿಗೆ ಇಲ್ಲಿ ಪಂಪನ ಕರ್ಣ ನೆನಪಾಗದಿರಲಾರ. ಜನ್ಮವೃತ್ತಾಂತ ತಿಳಿದ ಬಳಿಕವೂ ಅವನು ಹುಟ್ಟಿನ ಕಡೆಗೆ ಹೋಗದೆ ಋಣದ ಕಡೆಗೆ ನಿಂತವನು. ವ್ಯತ್ಯಾಸವೂ ಗಣನೀಯ. ಕರ್ಣನು ತನ್ನ ಆಯ್ಕೆಗೆ ರಣರಂಗದಲ್ಲಿ ಪ್ರಾಣವನ್ನು ತೆತ್ತ. ಬ್ರಾನ್ ತೆರುವುದು ಮರೆವಿನ ಬೆಲೆ, ನಡೆದದ್ದಾವುದೂ ಅವನ ನೆನಪಿನಲ್ಲಿ ಉಳಿಯದು. ಮಕ್ಕಳ ಕಾದಂಬರಿಯಾದುದರಿಂದ ಇದು ಸುಲಭದ ಬೆಲೆ ಎನ್ನಿಸಬಹುದು. ಆದರೂ ಹಾಕಿನ್‌ಗೆ ಸಿಗದೆ ಹೋದದ್ದು, ಅಂದರೆ ಸಾಕಿದ ತಂದೆಯ ಪ್ರೀತಿ ಯಾವ ಮಹಾಕಾರ್ಯದ ಸಾಧನವೂ ಆಗದೆ ಪ್ರೀತಿಯಾಗಿಯೇ ಉಳಿಯುವುದು, ನಾಲ್ಕು ವರ್ಷಗಳ ಅನಂತರ ಬ್ರಾನ್‌ಗೆ ಸಿಕ್ಕಿತು. ‘ದ ಡಾರ್ಕ್ ಈಸ್ ರೈಸಿಂಗ್’ ಎಬ್ಬಿಸಿದ ಪ್ರಶ್ನೆಗೆ ಕೂಪರ್ ತಾವೇ ಬರೆದ ಉತ್ತರವೆಂದು ನಾನಿದನ್ನು ಭಾವಿಸುತ್ತೇನೆ.

ಉತ್ತರ ಪೂರ್ಣವಲ್ಲ. ಮೆರಿಮನ್ ಲೋಕವನ್ನು ಮನುಷ್ಯರ ಕೈಗೊಪ್ಪಿಸಿ ಹೊರಟುಹೋಗುತ್ತಾನೆ. ಬ್ರಾನ್‌ನೊಡನೆ ಉಳಿದ ಮಕ್ಕಳೂ ಎಲ್ಲವನ್ನೂ ಮರೆತು ತಮ್ಮ ತಮ್ಮ ಬಾಲ್ಯಕ್ಕೆ ಮರಳುತ್ತಾರೆ. ನೆನಪಿನೊಡನೆ ಹಿಂದುಳಿಯುವವನು ವಿಲ್ ಒಬ್ಬನೇ. ಹೋಗುವೆಯೋ ಇರುವೆಯೋ ಎಂದು ಬ್ರಾನ್‌ಗೆ ಕೇಳಿದ ಮಾತನ್ನು ಐದು ಸಂಪುಟಗಳಲ್ಲಿ ಎಲ್ಲಿಯೂ, ಯಾರೂ, ವಿಲ್‌ಗೆ ಕೇಳುವುದಿಲ್ಲ.